ನಡುವಯಸ್ಸಿನಲ್ಲಿ ಕಿಬ್ಬೊಟ್ಟೆಯ ಗಡ್ಡೆ: ಕಾರಣ ಹುಡುಕುವ ಕ್ರಮ

ಸ್ಕ್ಯಾನಿಂಗ್ ವರದಿಯ ಕೊನೆಯ ಸಾಲಿನಲ್ಲಿ ‘ಗಡ್ಡೆ’ ಎಂಬ ಪದ ಕಂಡ ಕೂಡಲೇ ಹೆಚ್ಚಿನವರ ಮನಸ್ಸು ಕ್ಯಾನ್ಸರ್ ಕಡೆಗೆ ಓಡುತ್ತದೆ. ಗಡ್ಡೆ ಎಂಬುದು ರೋಗದ ಹೆಸರಲ್ಲ. ಕಿಬ್ಬೊಟ್ಟೆಯಲ್ಲಿ ಇರಬಾರದ ಒಂದು ಬೆಳವಣಿಗೆ ಇದೆ, ಇಲ್ಲವೇ ಇರಬೇಕಾದ ಅಂಗವೇ ಅಳತೆ ಮೀರಿ ದೊಡ್ಡದಾಗಿದೆ ಎಂದಷ್ಟೇ ಅದು ಹೇಳುತ್ತದೆ. ಅದು ಯಾವ ಅಂಗಕ್ಕೆ ಸೇರಿದ್ದು, ಅದರ ಸ್ವಭಾವವೇನು, ಎಷ್ಟು ಅವಸರದ್ದು ಎಂಬ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಂಡರೆ ಬಹುಪಾಲು ಗೊಂದಲ ತಾನಾಗಿ ಬಗೆಹರಿಯುತ್ತದೆ.

ಸುಮಾರು 40ರಿಂದ 60ರ ನಡುವಿನ ವಯಸ್ಸಿನ ಮಹಿಳೆಯರಲ್ಲಿ ಈ ಕ್ರಮ ಎರಡು ಕಡೆಯಿಂದ ತಪ್ಪುತ್ತದೆ. ಹೊಟ್ಟೆ ಉಬ್ಬರ, ಸೊಂಟನೋವು, ಏರುಪೇರಾದ ಮುಟ್ಟು ಎಲ್ಲವನ್ನೂ ‘ವಯಸ್ಸಿನದು’ ಎಂದು ತಳ್ಳಿಹಾಕಿ ತಿಂಗಳುಗಟ್ಟಲೆ ಕಾಯುವುದು ಒಂದು ಕಡೆ. ‘ಮಕ್ಕಳಾಗಿವೆಯಲ್ಲ, ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಸಿಬಿಡಿ’ ಎಂಬ ಮಾತಿಗೆ ಒಪ್ಪಿ, ಗಡ್ಡೆ ಏನೆಂದು ತಿಳಿಯುವ ಮೊದಲೇ ಶಸ್ತ್ರಚಿಕಿತ್ಸೆಯ ಮೇಜು ಹತ್ತುವುದು ಇನ್ನೊಂದು ಕಡೆ. ಮೊದಲನೆಯದರಿಂದ ಅಪರೂಪಕ್ಕೆ ಜೀವ ಹೋಗುತ್ತದೆ. ಎರಡನೆಯದರಿಂದ ಅನೇಕರು ಅಗತ್ಯವಿಲ್ಲದ ನಷ್ಟ ಅನುಭವಿಸುತ್ತಾರೆ.

ಎಲ್ಲಕ್ಕಿಂತ ಮೊದಲು: ಕಾಯಬಾರದ ಸಂದರ್ಭಗಳು

ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಎದ್ದು, ಜೊತೆಗೆ ವಾಂತಿಯಾಗುತ್ತಿದ್ದರೆ ಅಂಡಾಶಯ ತನ್ನ ಬುಡದಲ್ಲಿ ತಿರುಚಿಕೊಂಡಿರಬಹುದು. ಐದು ಸೆಂಟಿಮೀಟರಿಗಿಂತ ದೊಡ್ಡದಾದ, ಅಲುಗಾಡುವ ಸಿಸ್ಟ್ (ದ್ರವ ತುಂಬಿದ ಚೀಲದಂಥ ಗಡ್ಡೆ) ಇರುವವರಲ್ಲಿ ಇದರ ಸಾಧ್ಯತೆ ಹೆಚ್ಚು. ರಕ್ತಸಂಚಾರ ನಿಂತ ಅಂಡಾಶಯವನ್ನು ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆಗಳು. ಜ್ವರ ಮತ್ತು ನಡುಕದೊಂದಿಗೆ ನೋವು, ತಲೆಸುತ್ತು ಬರುವಷ್ಟು ರಕ್ತಸ್ರಾವ, ಮೂತ್ರ ಸಂಪೂರ್ಣ ಕಟ್ಟಿಕೊಳ್ಳುವುದು, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಂತಾಗುವುದು ಇವು ಕೂಡ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು. ಇವು ಯಾವುವೂ ಇಲ್ಲದಿದ್ದರೆ ಮುಂದಿನ ಹೆಜ್ಜೆಗಳನ್ನು ಕ್ರಮವಾಗಿ ಇಡಲು ಸಮಯವಿದೆ.

ಮೊದಲ ಹೆಜ್ಜೆ: ಮುಟ್ಟಿನ ಸ್ಥಿತಿಯನ್ನು ಖಚಿತಪಡಿಸಿಕೊಳ್ಳುವುದು

ಗಡ್ಡೆಯ ಅರ್ಥ ಬಹುಮಟ್ಟಿಗೆ ಒಂದೇ ಸಂಗತಿಯ ಮೇಲೆ ನಿಂತಿದೆ: ಮುಟ್ಟು ನಿಂತಿದೆಯೇ, ಇಲ್ಲವೇ? ಬೇರೆ ಕಾರಣವಿಲ್ಲದೆ ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ಅದನ್ನು ಋತುಬಂಧ ಎನ್ನುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ ವಯಸ್ಸು 51ರ ಆಸುಪಾಸು, ಭಾರತದಲ್ಲಿ 46–47ರ ಆಸುಪಾಸು. ನಾಲ್ಕೈದು ತಿಂಗಳು ಮುಟ್ಟು ಬಾರದೆ ಇರುವ 47ರ ಮಹಿಳೆ ಇನ್ನೂ ಆ ಗಡಿಯನ್ನು ದಾಟಿಲ್ಲ. ಆಕೆಯ ಅಂಡಾಶಯ ಆಗಾಗ ಕೆಲಸ ಮಾಡುತ್ತಿರುತ್ತದೆ, ಸಿಸ್ಟ್‌ಗಳನ್ನು ಉಂಟುಮಾಡಿ ತಾನೇ ಕರಗಿಸುತ್ತಿರುತ್ತದೆ, ಗರ್ಭ ಧರಿಸುವ ಸಾಧ್ಯತೆಯೂ ಉಳಿದಿರುತ್ತದೆ. ಆದ್ದರಿಂದ ಈ ವಯಸ್ಸಿನಲ್ಲಿ ಗರ್ಭಪರೀಕ್ಷೆ ಕೇಳಿದರೆ ನಗುವಂತಿಲ್ಲ. ದೊಡ್ಡದಾದ ಗರ್ಭಕೋಶಕ್ಕೆ ಗರ್ಭವೇ ಕಾರಣವಾಗಿದ್ದ, ಅಂಡನಾಳದಲ್ಲಿ ನಿಂತ ಗರ್ಭವನ್ನು ಸಿಸ್ಟ್ ಎಂದು ತಿಳಿದ ಪ್ರಸಂಗಗಳು ವೈದ್ಯಕೀಯದಲ್ಲಿ ಹೊಸವಲ್ಲ.

ಈ ಹಿಂದೆ ಗರ್ಭಕೋಶ ತೆಗೆಸಿಕೊಂಡವರಿಗೆ ಮುಟ್ಟಿನ ಲೆಕ್ಕ ಸಿಗುವುದಿಲ್ಲ. ಅಂಥವರು ಆಗ ಅಂಡಾಶಯಗಳನ್ನು ಉಳಿಸಿದ್ದರೇ ಎಂಬುದನ್ನು ಹಳೆಯ ಡಿಸ್ಚಾರ್ಜ್ ಸಾರಾಂಶದಿಂದ ಖಚಿತಪಡಿಸಿಕೊಳ್ಳಬೇಕು.

ಎರಡನೆಯ ಹೆಜ್ಜೆ: ಲಕ್ಷಣಗಳನ್ನು ಬರೆದಿಡುವುದು

ವೈದ್ಯರ ಮುಂದೆ ಕುಳಿತಾಗ ಅರ್ಧ ಮಾತು ಮರೆತುಹೋಗುತ್ತದೆ. ಎರಡು ವಾರಗಳ ಮಟ್ಟಿಗೆ ಒಂದು ಹಾಳೆಯಲ್ಲಿ ದಿನಾಂಕ ಹಾಕಿ ಬರೆದಿಟ್ಟ ನಾಲ್ಕು ಸಾಲು ಅನೇಕ ದುಬಾರಿ ಪರೀಕ್ಷೆಗಳಿಗಿಂತ ಉಪಯುಕ್ತವಾಗುತ್ತದೆ. ಮುಖ್ಯವಾಗಿ ಗಮನಿಸಬೇಕಾದವು ನಾಲ್ಕು: ಹೊಟ್ಟೆ ಉಬ್ಬರ ಅಥವಾ ಹೊಟ್ಟೆಯ ಸುತ್ತಳತೆ ಹೆಚ್ಚುವುದು, ಕಿಬ್ಬೊಟ್ಟೆ ಅಥವಾ ಸೊಂಟದ ನೋವು, ಸ್ವಲ್ಪ ತಿಂದ ಕೂಡಲೇ ಹೊಟ್ಟೆ ತುಂಬಿದಂತಾಗುವುದು, ಮತ್ತು ಪದೇ ಪದೇ ಅಥವಾ ಅವಸರದಿಂದ ಮೂತ್ರಕ್ಕೆ ಹೋಗಬೇಕಾಗುವುದು. ಇವು ಯಾರಿಗೂ ಆಗಾಗ ಬರುವಂಥವೇ. ಆದರೆ ಹೊಸದಾಗಿ, ಅಂದರೆ ಒಂದು ವರ್ಷದೊಳಗೆ ಆರಂಭವಾಗಿ, ತಿಂಗಳಲ್ಲಿ 12 ದಿನಗಳಿಗಿಂತ ಹೆಚ್ಚು ಕಾಡುತ್ತಿದ್ದರೆ ಅಂಡಾಶಯದ ಪರೀಕ್ಷೆ ಆಗಲೇಬೇಕು. 50 ದಾಟಿದವರಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ‘ಗ್ಯಾಸ್’ ಅಥವಾ ಕರುಳಿನ ಕಿರಿಕಿರಿಯನ್ನು ಜೀರ್ಣಾಂಗದ ತೊಂದರೆ ಎಂದು ಸುಲಭವಾಗಿ ಒಪ್ಪಬಾರದು. ಆ ವಯಸ್ಸಿನಲ್ಲಿ ಅಂಥ ತೊಂದರೆ ಹೊಸದಾಗಿ ಶುರುವಾಗುವುದು ಕಡಿಮೆ. ಮುಖ, ತೋಳು ಸೊರಗುತ್ತಿದ್ದು ಉಡುಪಿನ ಸೊಂಟ ಮಾತ್ರ ಬಿಗಿಯಾಗುತ್ತಿದ್ದರೆ ಅದನ್ನು ಬೊಜ್ಜು ಎಂದುಕೊಳ್ಳುವುದು ತಪ್ಪು. ಅಲ್ಲಿ ಬೆಳೆಯುತ್ತಿರುವುದು ಗಡ್ಡೆಯೋ ಹೊಟ್ಟೆಯಲ್ಲಿ ತುಂಬುತ್ತಿರುವ ನೀರೋ ಆಗಿರಬಹುದು.

ಮುಟ್ಟಿನ ಪ್ರಮಾಣ, ಅವಧಿ, ನಡುನಡುವೆ ಕಾಣುವ ರಕ್ತ, ಸಂಭೋಗದ ನಂತರದ ರಕ್ತ, ಮಲದಲ್ಲಿ ರಕ್ತ, ಮಲಬದ್ಧತೆ, ತೂಕ ಇಳಿತ, ಹಿಂದಿನ ಶಸ್ತ್ರಚಿಕಿತ್ಸೆಗಳು, ಸೇವಿಸುತ್ತಿರುವ ಹಾರ್ಮೋನ್ ಮಾತ್ರೆ ಅಥವಾ ಸ್ತನ ಕ್ಯಾನ್ಸರಿನ ನಂತರದ ಟ್ಯಾಮೋಕ್ಸಿಫೆನ್, ಇವೆಲ್ಲ ಅದೇ ಹಾಳೆಯಲ್ಲಿ ಇರಲಿ. ಕುಟುಂಬದ ಇತಿಹಾಸಕ್ಕೆ ವಿಶೇಷ ಗಮನ ಬೇಕು. ತಾಯಿ, ಅಕ್ಕತಂಗಿ, ಚಿಕ್ಕಮ್ಮ, ಸೋದರತ್ತೆ ಇವರಲ್ಲಿ ಯಾರಿಗಾದರೂ ಸ್ತನ, ಅಂಡಾಶಯ, ದೊಡ್ಡ ಕರುಳು ಅಥವಾ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಆಗಿತ್ತೇ, ಎಷ್ಟನೆಯ ವಯಸ್ಸಿನಲ್ಲಿ ಎಂದು ತಿಳಿದುಕೊಳ್ಳಿ. ತಂದೆಯ ಕಡೆಯವರನ್ನು ಮರೆಯುವವರೇ ಹೆಚ್ಚು. ಸಾಮಾನ್ಯವಾಗಿ ಒಬ್ಬ ಮಹಿಳೆಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ ಒಂದು ಚಿಲ್ಲರೆ. ಬಿಆರ್‌ಸಿಎ1 ಜೀನ್‌ನಲ್ಲಿ ದೋಷವಿರುವವರಲ್ಲಿ ಅದು ನೂರಕ್ಕೆ ಸುಮಾರು 40ರಷ್ಟು. ಬಿಆರ್‌ಸಿಎ2ರಲ್ಲಿ ಅದಕ್ಕಿಂತ ಕಡಿಮೆಯಾದರೂ ಸಾಮಾನ್ಯರಿಗಿಂತ ಹಲವು ಪಟ್ಟು ಹೆಚ್ಚು.

ಮೂರನೆಯ ಹೆಜ್ಜೆ: ಕೈಯಿಂದ ಮಾಡುವ ಪರೀಕ್ಷೆ

ಸ್ಕ್ಯಾನಿಂಗ್ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಗಡ್ಡೆ ಎಷ್ಟು ಅಲುಗಾಡುತ್ತದೆ, ಎಷ್ಟು ಗಟ್ಟಿಯಾಗಿದೆ, ಮುಟ್ಟಿದರೆ ನೋಯುತ್ತದೆಯೇ ಎಂಬುದನ್ನು ವೈದ್ಯರ ಬೆರಳುಗಳು ನೇರವಾಗಿ ಹೇಳುತ್ತವೆ. ಮೊದಲು ಮೂತ್ರ ವಿಸರ್ಜಿಸಿ ಬರಲು ಹೇಳುತ್ತಾರೆ. ತುಂಬಿದ ಮೂತ್ರಕೋಶವೇ ಗಡ್ಡೆಯಂತೆ ಕೈಗೆ ಸಿಗುವುದರಿಂದ ಈ ಸಣ್ಣ ಸೂಚನೆಗೆ ದೊಡ್ಡ ಬೆಲೆಯಿದೆ. ಬಳಿಕ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತಾರೆ. ಸ್ತ್ರೀರೋಗ ತಜ್ಞರು ಗರ್ಭಕೋಶದ ಗಾತ್ರವನ್ನು ಗರ್ಭದ ವಾರಗಳಲ್ಲಿ ಹೇಳುವ ರೂಢಿಯಿದೆ: 12 ವಾರದ ಗಾತ್ರವೆಂದರೆ ಕೆಳಹೊಟ್ಟೆಯ ಮೂಳೆಯ ಮೇಲಂಚಿಗೆ ಬಂದಿದೆ, 20 ವಾರವೆಂದರೆ ಹೊಕ್ಕುಳ ಮುಟ್ಟಿದೆ ಎಂದು ತಿಳಿಯಬೇಕು.

ನಂತರ ಒಂದು ಕೈಯ ಬೆರಳುಗಳು ಯೋನಿಯೊಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ ಇಟ್ಟು ಪರೀಕ್ಷಿಸುತ್ತಾರೆ. ಗರ್ಭಕೋಶದ ಬಾಯಿಯನ್ನು ಸರಿಸಿದಾಗ ಗಡ್ಡೆಯೂ ಜೊತೆಗೇ ಸರಿದರೆ ಅದು ಗರ್ಭಕೋಶದ್ದಾಗಿರುವ ಸಂಭವ ಹೆಚ್ಚು. ನಡುವೆ ಒಂದು ಸಂದು ಸಿಕ್ಕಿ ಅದು ಬೇರೆಯಾಗಿ ಅಲುಗಾಡಿದರೆ ಅಂಡಾಶಯದ ಕಡೆಗೆ ಯೋಚನೆ ಹೋಗುತ್ತದೆ. ಗರ್ಭಕೋಶದ ಹಿಂಭಾಗದ ಗುಳಿಯಲ್ಲಿ ಗಂಟುಗಂಟಾಗಿ ಸಿಕ್ಕಿ, ಗಡ್ಡೆ ಎತ್ತ ತಳ್ಳಿದರೂ ಕದಲದಿದ್ದರೆ ಎರಡು ಸಾಧ್ಯತೆಗಳು: ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಅದರ ಹೊರಗೆ ಬೆಳೆಯುವ ರೋಗ) ಇಲ್ಲವೇ ಕ್ಯಾನ್ಸರ್. ಈ ಗುಳಿಯನ್ನು ತಲುಪಲು ಗುದದ್ವಾರದ ಪರೀಕ್ಷೆಯೂ ಬೇಕಾಗಬಹುದು. ಮುಜುಗರವೆನಿಸಿದರೂ ಒಂದು ನಿಮಿಷದೊಳಗೆ ಮುಗಿಯುವ ಈ ಪರೀಕ್ಷೆ ಮಲದ ಗಟ್ಟಿ ಉಂಡೆಯನ್ನು ಗಡ್ಡೆಯಿಂದ ಬೇರ್ಪಡಿಸುತ್ತದೆ, ಗುದನಾಳದ ಗಡ್ಡೆಯನ್ನೂ ಪತ್ತೆಹಚ್ಚುತ್ತದೆ. ಸ್ತನಗಳನ್ನೂ ತೊಡೆಸಂದು ಮತ್ತು ಎಡ ಕತ್ತಿನ ಬುಡದ ದುಗ್ಧಗ್ರಂಥಿಗಳನ್ನೂ ನೋಡದ ಪರೀಕ್ಷೆ ಪೂರ್ಣವಲ್ಲ.

ಗಡ್ಡೆ ಏನೇನಾಗಿರಬಹುದು

ನಡುವಯಸ್ಸಿನಲ್ಲಿ ಅತಿ ಸಾಮಾನ್ಯವಾದದ್ದು ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಸ್ನಾಯುವಿನ ಗಡ್ಡೆ. 50 ವರ್ಷವಾಗುವ ಹೊತ್ತಿಗೆ ಸ್ಕ್ಯಾನ್ ಮಾಡಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಮಹಿಳೆಯರಲ್ಲಿ ಅದು ಕಾಣುತ್ತದೆ. ಬಹುಪಾಲು ಮಂದಿಗೆ ಅದರಿಂದ ಏನೂ ತೊಂದರೆಯಿಲ್ಲ. ತೊಂದರೆ ಕೊಡುವುದು ಗಾತ್ರಕ್ಕಿಂತ ಜಾಗವನ್ನು ಅವಲಂಬಿಸಿದೆ. ಗರ್ಭಕೋಶದ ಒಳಗೆ ಚಾಚಿದ ಎರಡು ಸೆಂಟಿಮೀಟರ್ ಫೈಬ್ರಾಯ್ಡ್ ರಕ್ತಹೀನತೆ ಬರುವಷ್ಟು ಸ್ರಾವ ಉಂಟುಮಾಡಬಹುದು; ಹೊರಮೈಯಲ್ಲಿರುವ ಎಂಟು ಸೆಂಟಿಮೀಟರಿನದು ಗೊತ್ತೇ ಆಗದಂತೆ ಇರಬಹುದು. ಈಸ್ಟ್ರೋಜನ್ ಹಾರ್ಮೋನಿನ ಆಸರೆಯಲ್ಲಿ ಬೆಳೆಯುವ ಇದು ಋತುಬಂಧದ ನಂತರ ಕುಗ್ಗಬೇಕು. ಹಾರ್ಮೋನ್ ಚಿಕಿತ್ಸೆಯಿಲ್ಲದೆಯೂ ಆ ನಂತರ ಬೆಳೆಯುತ್ತಿದ್ದರೆ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಗರ್ಭಕೋಶ ಒಂದೇ ಸಮನಾಗಿ ಊದಿ, ಮುಟ್ಟಿದರೆ ನೋಯುತ್ತ, ಮುಟ್ಟಿನ ನೋವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ ಅಡಿನೋಮಯೋಸಿಸ್ ಇರಬಹುದು. ಇಲ್ಲಿ ಒಳಪೊರೆಯ ಅಂಗಾಂಶ ಸ್ನಾಯುವಿನೊಳಗೆ ನುಗ್ಗಿರುತ್ತದೆ.

ಅಂಡಾಶಯದ ಗಡ್ಡೆಗಳ ಸಂಸಾರ ದೊಡ್ಡದು. ಮುಟ್ಟು ಇರುವವರೆಗೆ ಕಾಣುವ ತೆಳು ಗೋಡೆಯ ನೀರಿನ ಸಿಸ್ಟ್‌ಗಳಲ್ಲಿ ಹೆಚ್ಚಿನವು ಅಂಡೋತ್ಪತ್ತಿಯ ಏರುಪೇರಿನಿಂದ ಬಂದವು. ಎರಡು ಮೂರು ತಿಂಗಳಲ್ಲಿ ಕರಗುತ್ತವೆ. ಎಂಡೊಮೆಟ್ರಿಯೋಸಿಸ್‌ನಲ್ಲಿ ಹಳೆಯ ರಕ್ತ ಕಂದುಬಣ್ಣದ ಗಟ್ಟಿ ದ್ರವವಾಗಿ ಶೇಖರವಾಗುವುದರಿಂದ ಅದಕ್ಕೆ ಚಾಕಲೇಟ್ ಸಿಸ್ಟ್ ಎಂಬ ಹೆಸರು. ಡರ್ಮಾಯ್ಡ್ ಸಿಸ್ಟ್‌ನೊಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲೂ ಇರುತ್ತದೆ. ಕೇಳಿದವರು ಬೆಚ್ಚಿಬೀಳುತ್ತಾರೆ, ಆದರೆ ಬಹುತೇಕ ಯಾವಾಗಲೂ ಅದು ಸಾಧುವಾದದ್ದೇ, ಅಂದರೆ ಕ್ಯಾನ್ಸರ್ ಅಲ್ಲ. ಸೀರಸ್ ಮತ್ತು ಮ್ಯೂಸಿನಸ್ ಸಿಸ್ಟಡಿನೋಮಾ ಎಂಬ ಸಾಧು ಗಡ್ಡೆಗಳು ತಾವಾಗಿ ಕರಗುವುದಿಲ್ಲ. ಲೋಳೆ ತುಂಬಿದ ಮ್ಯೂಸಿನಸ್ ಬಗೆ ಇಡೀ ಹೊಟ್ಟೆಯನ್ನು ಆವರಿಸುವಷ್ಟು ಬೆಳೆಯಬಲ್ಲದು. ಫೈಬ್ರೋಮಾ ಎಂಬ ಗಟ್ಟಿ ಗಡ್ಡೆಯ ಜೊತೆ ಹೊಟ್ಟೆಯಲ್ಲೂ ಶ್ವಾಸಕೋಶದ ಸುತ್ತಲೂ ನೀರು ತುಂಬುವುದುಂಟು. ಮುಂದುವರಿದ ಕ್ಯಾನ್ಸರಿನಂತೆಯೇ ಕಾಣುವ ಈ ಸ್ಥಿತಿಗೆ ಮೇಗ್ಸ್ ಸಿಂಡ್ರೋಮ್ ಎಂದು ಹೆಸರು. ಗಡ್ಡೆ ತೆಗೆದರೆ ನೀರೂ ಇಂಗಿಹೋಗುತ್ತದೆ. ಎಷ್ಟೇ ಭಯಾನಕವಾಗಿ ಕಂಡರೂ ಅಂಗಾಂಶ ಪರೀಕ್ಷೆಯ ಮೊದಲು ಕೊನೆಯ ಮಾತು ಹೇಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಅಂಡಾಶಯದ ಕ್ಯಾನ್ಸರ್ ಹೆಚ್ಚಾಗಿ ಋತುಬಂಧದ ನಂತರ ಬರುತ್ತದೆ. ಹೊಟ್ಟೆಯೊಳಗೆ ಸದ್ದಿಲ್ಲದೆ ಹರಡುವುದರಿಂದ ಬಹಳಷ್ಟು ಮಂದಿಯಲ್ಲಿ ತಡವಾಗಿ ಪತ್ತೆಯಾಗುತ್ತದೆ. ಜಠರ, ದೊಡ್ಡ ಕರುಳು ಅಥವಾ ಸ್ತನದ ಕ್ಯಾನ್ಸರ್ ಅಂಡಾಶಯಕ್ಕೆ ಹರಡಿ ಅಲ್ಲಿ ಗಡ್ಡೆಯಾಗಿ ಮೊದಲು ಕಾಣುವುದೂ ಉಂಟು. ಎರಡೂ ಬದಿಯಲ್ಲಿ ಗಟ್ಟಿ ಗಡ್ಡೆಗಳಿದ್ದರೆ ಈ ಶಂಕೆ ಇರಲೇಬೇಕು.

ಸ್ತ್ರೀಯರ ಅಂಗಗಳಿಗೆ ಸಂಬಂಧವೇ ಇಲ್ಲದ ಗಡ್ಡೆಗಳೂ ಇವೆ: ಅಪೆಂಡಿಕ್ಸ್‌ನ ಕೀವುಗಡ್ಡೆ, ಕರುಳಿನ ಗಡ್ಡೆ, ಹುಟ್ಟಿನಿಂದಲೇ ಕೆಳಗೆ ನಿಂತ ಮೂತ್ರಪಿಂಡ, ಹಿಂದಿನ ಶಸ್ತ್ರಚಿಕಿತ್ಸೆಯ ಅಂಟುಗಳ ನಡುವೆ ಸಿಕ್ಕಿಕೊಂಡ ದ್ರವ. ಹೊಟ್ಟೆಯ ಕ್ಷಯರೋಗವಂತೂ ಗಡ್ಡೆ, ನೀರು, ತೂಕ ಇಳಿತ, ಏರಿದ ಸಿಎ-125 (ಮುಂದೆ ವಿವರಿಸುವ ರಕ್ತಪರೀಕ್ಷೆ) ಎಲ್ಲವನ್ನೂ ತೋರಿಸಿ ಅಂಡಾಶಯದ ಕ್ಯಾನ್ಸರನ್ನು ಹಾಗೆಯೇ ಅನುಕರಿಸುತ್ತದೆ. ಅದಕ್ಕೆ ಬೇಕಾದದ್ದು ಔಷಧ, ದೊಡ್ಡ ಶಸ್ತ್ರಚಿಕಿತ್ಸೆಯಲ್ಲ.

ನಾಲ್ಕನೆಯ ಹೆಜ್ಜೆ: ಸರಿಯಾದ ಸ್ಕ್ಯಾನಿಂಗ್

ಮೊದಲ ಚಿತ್ರಪರೀಕ್ಷೆ ಅಲ್ಟ್ರಾಸೌಂಡ್, ಸಿ.ಟಿ. ಅಲ್ಲ. ಮೂತ್ರಕೋಶ ತುಂಬಿಸಿಕೊಂಡು ಹೊಟ್ಟೆಯ ಮೇಲಿನಿಂದ ಒಮ್ಮೆ, ಖಾಲಿ ಮಾಡಿ ಯೋನಿಮಾರ್ಗದಿಂದ ಇನ್ನೊಮ್ಮೆ ನೋಡುವುದು ಒಳ್ಳೆಯ ಕ್ರಮ. ಯೋನಿಮಾರ್ಗದ ಸ್ಕ್ಯಾನ್ ಅಂಡಾಶಯವನ್ನು ಹತ್ತಿರದಿಂದ ತೋರಿಸುತ್ತದೆ. ದೊಡ್ಡ ಗಡ್ಡೆಯ ಮೇಲಂಚು, ಹೊಟ್ಟೆಯ ನೀರು, ಮೂತ್ರಪಿಂಡಗಳ ಊತ ಹೊಟ್ಟೆಯ ಮೇಲಿನ ಸ್ಕ್ಯಾನಿನಲ್ಲಿ ಮಾತ್ರ ಸಿಗುತ್ತವೆ. ದೊಡ್ಡ ಫೈಬ್ರಾಯ್ಡ್ ಮೂತ್ರನಾಳವನ್ನು ಒತ್ತಿ ನೋವಿಲ್ಲದೆಯೇ ಮೂತ್ರಪಿಂಡವನ್ನು ಹಾಳುಮಾಡಬಲ್ಲದಾದ್ದರಿಂದ ಆ ಒಂದು ಸಾಲು ವರದಿಯಲ್ಲಿ ಇದೆಯೇ ಎಂದು ನೋಡಿ. ಮುಟ್ಟು ಇರುವವರಿಗೆ ಮುಟ್ಟು ಮುಗಿದ ಕೆಲವೇ ದಿನಗಳಲ್ಲಿ ಮಾಡಿಸುವುದು ಉತ್ತಮ.

ವರದಿಯಲ್ಲಿ ಗಾತ್ರವನ್ನೇ ಎಲ್ಲರೂ ಮೊದಲು ಓದುತ್ತಾರೆ. ನನ್ನ ಅಭಿಪ್ರಾಯದಲ್ಲಿ ಗಾತ್ರಕ್ಕಿಂತ ಒಳರಚನೆ ಮುಖ್ಯ. ಒಂದೇ ಕೋಣೆ, ತೆಳುವಾದ ನಯವಾದ ಗೋಡೆ, ಒಳಗೆ ತಿಳಿನೀರು, ಗಟ್ಟಿ ಭಾಗವಿಲ್ಲ ಎಂದಿದ್ದರೆ ಕ್ಯಾನ್ಸರಿನ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ, ಋತುಬಂಧವಾದವರಲ್ಲಿಯೂ. ಅಂಕುಡೊಂಕಾದ ಗಟ್ಟಿ ಗಡ್ಡೆ, ಒಳಗೋಡೆಯಿಂದ ಚಾಚಿದ ನಾಲ್ಕು ಅಥವಾ ಹೆಚ್ಚು ಮೊಗ್ಗಿನಂಥ ಬೆಳವಣಿಗೆಗಳು, 10 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡದಾಗಿ ಹಲವು ಕೋಣೆಗಳೊಂದಿಗೆ ಗಟ್ಟಿ ಭಾಗವೂ ಇರುವ ಅಸಮ ಗಡ್ಡೆ, ಹೊಟ್ಟೆಯಲ್ಲಿ ನೀರು, ಬಣ್ಣದ ಡಾಪ್ಲರ್‌ನಲ್ಲಿ ಬಿರುಸಾದ ರಕ್ತಸಂಚಾರ, ಈ ಐದು ಶಂಕೆಯ ಗುರುತುಗಳು. ಇಂದಿನ ವರದಿಗಳಲ್ಲಿ ಕಾಣುವ ಓ-ರಾಡ್ಸ್ ಅಂಕವೂ ಇದನ್ನೇ ಕ್ರಮವಾಗಿ ಹೇಳುತ್ತದೆ: 2 ಎಂದರೆ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ, 3 ಎಂದರೆ ಹತ್ತಕ್ಕಿಂತ ಕಡಿಮೆ, 4 ಎಂದರೆ ಹತ್ತರಿಂದ ಐವತ್ತರ ನಡುವೆ, 5 ಎಂದರೆ ಐವತ್ತು ಅಥವಾ ಹೆಚ್ಚು. 0 ಎಂದಿದ್ದರೆ ಸ್ಕ್ಯಾನ್ ಪೂರ್ಣವಾಗಿಲ್ಲ ಎಂದರ್ಥ, ರೋಗವಿಲ್ಲ ಎಂದಲ್ಲ.

ಐದನೆಯ ಹೆಜ್ಜೆ: ರಕ್ತಪರೀಕ್ಷೆ, ಅದರ ಮಿತಿಯೊಂದಿಗೆ

ಸಿಎ-125 ಎಂಬ ಪರೀಕ್ಷೆ 1980ರ ದಶಕದಿಂದ ಬಳಕೆಯಲ್ಲಿದೆ. ಮಿಲಿಲೀಟರಿಗೆ 35 ಯೂನಿಟ್‌ಗಿಂತ ಕಡಿಮೆಯಿದ್ದರೆ ಸಾಮಾನ್ಯ. ಇದನ್ನು ‘ಕ್ಯಾನ್ಸರ್ ಪರೀಕ್ಷೆ’ ಎಂದು ಕರೆಯುವುದರಿಂದ ಆಗಿರುವ ಹಾನಿ ಸಣ್ಣದಲ್ಲ. ಮುಟ್ಟಿನ ದಿನಗಳು, ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್, ಸೋಂಕು, ಕ್ಷಯ, ಯಕೃತ್ತಿನ ಕಾಯಿಲೆ, ಹೃದಯ ವೈಫಲ್ಯ ಎಲ್ಲದರಲ್ಲಿಯೂ ಅದು ಏರುತ್ತದೆ. ಇನ್ನೊಂದೆಡೆ ಮೊದಲ ಹಂತದ ಅಂಡಾಶಯದ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಏರುವುದೇ ಇಲ್ಲ. ಆದ್ದರಿಂದ ಅದನ್ನು ಸ್ಕ್ಯಾನಿನ ಜೊತೆಗಿಟ್ಟು ಓದಬೇಕು. ಹಾಗೆ ಓದಲು 1990ರಲ್ಲಿ ರೂಪಿಸಿದ ಒಂದು ಲೆಕ್ಕವಿದೆ. ಸ್ಕ್ಯಾನಿನಲ್ಲಿ ಹಲವು ಕೋಣೆಗಳು, ಗಟ್ಟಿ ಭಾಗ, ಎರಡೂ ಬದಿಯ ಗಡ್ಡೆ, ಹೊಟ್ಟೆಯಲ್ಲಿ ನೀರು, ಹರಡಿದ ಗುರುತು ಈ ಐದರಲ್ಲಿ ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3, ಒಂದೂ ಇಲ್ಲದಿದ್ದರೆ 0. ಮುಟ್ಟು ನಿಂತಿದ್ದರೆ 3, ಇಲ್ಲದಿದ್ದರೆ 1. ಇವೆರಡನ್ನೂ ಸಿಎ-125ರ ಅಂಕಿಯಿಂದ ಗುಣಿಸಬೇಕು. 200 ದಾಟಿದರೆ ಅಪಾಯ ಹೆಚ್ಚು.

ಮುಟ್ಟು ನಿಂತ ಮಹಿಳೆಯೊಬ್ಬರಿಗೆ ಹಲವು ಕೋಣೆಗಳ, ಗಟ್ಟಿ ಭಾಗವಿರುವ ಗಡ್ಡೆಯಿದ್ದು ಸಿಎ-125 ಅಂಕಿ 60 ಎಂದಿರಲಿ: 3×3×60, ಅಂದರೆ 540. ಅವರನ್ನು ಸ್ತ್ರೀ ಕ್ಯಾನ್ಸರ್ ತಜ್ಞರ ಬಳಿ ಕಳುಹಿಸಲೇಬೇಕು. ಅದೇ ಗಡ್ಡೆ, ಸಿಎ-125 ಮಾತ್ರ 20 ಆಗಿದ್ದರೆ 180 ಬರುತ್ತದೆ. ಗೆರೆಯ ಕೆಳಗೆ ಇದೆಯೆಂದು ನಿಶ್ಚಿಂತೆಯಿಂದ ಇರಬಹುದೇ? ಇರಲಾಗದು, ಗಟ್ಟಿ ಭಾಗ ಅಲ್ಲಿಯೇ ಇದೆ. ಮತ್ತೊಬ್ಬರಿಗೆ 44 ವರ್ಷ, ಮುಟ್ಟು ಇದೆ, ಎರಡೂ ಬದಿಯಲ್ಲಿ ಹಲವು ಕೋಣೆಗಳ ಚಾಕಲೇಟ್ ಸಿಸ್ಟ್, ಸಿಎ-125 ಅಂಕಿ 95: 3×1×95, ಅಂದರೆ 285. ಗೆರೆ ದಾಟಿದರೂ ರೋಗ ಸಾಧುವಾದದ್ದೇ. ಅಂಕಿ ತೀರ್ಮಾನಕ್ಕೆ ನೆರವಾಗುತ್ತದೆಯೇ ಹೊರತು ತಾನೇ ತೀರ್ಮಾನ ಮಾಡುವುದಿಲ್ಲ. ಯಾವ ಲಕ್ಷಣವೂ ಇಲ್ಲದವರು ಪ್ರತಿ ವರ್ಷ ಈ ಪರೀಕ್ಷೆ ಮಾಡಿಸುವುದರಲ್ಲಿಯೂ ಅರ್ಥವಿಲ್ಲ: ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2021ರಲ್ಲಿ ಅಂತಿಮ ಫಲಿತಾಂಶ ಪ್ರಕಟವಾದ ಅಧ್ಯಯನದಲ್ಲಿ ಇಂಥ ತಪಾಸಣೆಯಿಂದ ಸಾವುಗಳು ಕಡಿಮೆಯಾಗಲಿಲ್ಲ.

ರಕ್ತದ ಹಿಮೋಗ್ಲೋಬಿನ್, ಮೂತ್ರಪಿಂಡದ ಪರೀಕ್ಷೆಗಳು ಎಲ್ಲರಿಗೂ ಬೇಕು. ಕರುಳು, ಜಠರದ ಮೇಲೆ ಶಂಕೆಯಿದ್ದರೆ ಸಿಇಎ ಎಂಬ ರಕ್ತಪರೀಕ್ಷೆಯ ಜೊತೆ ಎಂಡೋಸ್ಕೋಪಿಯೂ ಬೇಕಾಗುತ್ತದೆ.

ಆರನೆಯ ಹೆಜ್ಜೆ: ಹೆಚ್ಚಿನ ಪರೀಕ್ಷೆಗಳು, ಮತ್ತು ಮಾಡಬಾರದ ಒಂದು

ಅಲ್ಟ್ರಾಸೌಂಡ್‌ನಲ್ಲಿ ಅನುಮಾನ ಉಳಿದರೆ ಎಂ.ಆರ್.ಐ. ಉಪಯುಕ್ತ, ಗಡ್ಡೆ ಫೈಬ್ರಾಯ್ಡೋ ಅಂಡಾಶಯದ್ದೋ, ಒಳಗಿರುವುದು ಕೊಬ್ಬೋ ರಕ್ತವೋ ಎಂದು ಅದು ಚೆನ್ನಾಗಿ ಬೇರ್ಪಡಿಸುತ್ತದೆ. ಸಿ.ಟಿ.ಯ ಕೆಲಸ ಬೇರೆ: ಕ್ಯಾನ್ಸರಿನ ಶಂಕೆ ಬಲವಾದಾಗ ಅದು ಎಲ್ಲೆಲ್ಲಿ ಹರಡಿದೆ ಎಂದು ನೋಡುವುದು. 45 ದಾಟಿದವರಲ್ಲಿ ಅಸಹಜ ರಕ್ತಸ್ರಾವವಿದ್ದರೆ, ‘ಫೈಬ್ರಾಯ್ಡ್ ಇದೆಯಲ್ಲ, ಅದರಿಂದಲೇ’ ಎಂದುಕೊಂಡು ಬಿಡದೆ ಗರ್ಭಕೋಶದ ಒಳಪೊರೆಯ ಬಯಾಪ್ಸಿ ಮಾಡಿಸಬೇಕು. ಋತುಬಂಧದ ನಂತರ ರಕ್ತ ಕಂಡು, ಒಳಪೊರೆಯ ದಪ್ಪ 4 ಮಿಲಿಮೀಟರ್ ದಾಟಿದ್ದರೂ ಅಷ್ಟೇ.

ಮಾಡಬಾರದ್ದು ಯಾವುದೆಂದರೆ, ಅಂಡಾಶಯಕ್ಕೆ ಸೀಮಿತವಾಗಿರುವ ಶಂಕಾಸ್ಪದ ಗಡ್ಡೆಗೆ ಸೂಜಿ ಚುಚ್ಚುವುದು. ಸ್ತನದ ಗಂಟಿಗೆ ಸೂಜಿ ಪರೀಕ್ಷೆ ಸರಿಯಾದ ಕ್ರಮವಾದ್ದರಿಂದ ಇಲ್ಲಿಯೂ ಹಾಗೆಯೇ ಎಂದು ಅನೇಕರು ಭಾವಿಸುತ್ತಾರೆ. ಅಂಡಾಶಯದ ಗಡ್ಡೆಯ ಗೋಡೆ ಒಡೆದರೆ ಒಳಗಿನ ಕೋಶಗಳು ಹೊಟ್ಟೆಯೊಳಗೆ ಚೆಲ್ಲಿ, ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗಬಹುದಾಗಿದ್ದ ರೋಗ ಮುಂದಿನ ಹಂತಕ್ಕೆ ಏರಬಹುದು. ರೋಗ ಆಗಲೇ ಹರಡಿದ್ದು, ಶಸ್ತ್ರಚಿಕಿತ್ಸೆಗೆ ಮುನ್ನ ಕಿಮೊಥೆರಪಿ ಕೊಡಬೇಕಾದಾಗ ಹರಡಿದ ಜಾಗದಿಂದ ಬಯಾಪ್ಸಿ ತೆಗೆಯುವುದು ಬೇರೆಯೇ ಮಾತು.

ಏಳನೆಯ ಹೆಜ್ಜೆ: ಕಾಯುವುದೋ, ತೆಗೆಸುವುದೋ

ಮುಟ್ಟು ಇರುವವರಲ್ಲಿ 5 ಸೆಂಟಿಮೀಟರಿಗಿಂತ ಚಿಕ್ಕದಾದ ಸರಳ ಸಿಸ್ಟ್‌ಗೆ ಸಾಮಾನ್ಯವಾಗಿ ಏನೂ ಬೇಡ. 5ರಿಂದ 7 ಸೆಂಟಿಮೀಟರಿನದನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಕು. ಅದಕ್ಕಿಂತ ದೊಡ್ಡದಕ್ಕೆ ಎಂ.ಆರ್.ಐ. ಅಥವಾ ಶಸ್ತ್ರಚಿಕಿತ್ಸೆಯ ಯೋಚನೆ ಬೇಕು. ಮುಟ್ಟು ನಿಂತವರಲ್ಲಿ ಒಂದೇ ಬದಿಯ, 5 ಸೆಂಟಿಮೀಟರಿಗಿಂತ ಚಿಕ್ಕದಾದ ಸರಳ ಸಿಸ್ಟ್ ಇದ್ದು ಸಿಎ-125 ಸಾಮಾನ್ಯವಾಗಿದ್ದರೆ ನಾಲ್ಕರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ, ಒಂದು ವರ್ಷ ಹಾಗೆಯೇ ಇದ್ದರೆ ನಿಗಾ ನಿಲ್ಲಿಸಬಹುದು. ತೊಂದರೆ ಕೊಡದ ಫೈಬ್ರಾಯ್ಡ್‌ಗೆ, ವಿಶೇಷವಾಗಿ ಋತುಬಂಧ ಹತ್ತಿರವಿರುವಾಗ, ಕಾಯುವುದೇ ಚಿಕಿತ್ಸೆ. ತೊಂದರೆಯಿದ್ದರೂ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ, ರಕ್ತನಾಳ ಮುಚ್ಚುವ ಎಂಬೊಲೈಸೇಶನ್, ಫೈಬ್ರಾಯ್ಡ್ ಮಾತ್ರ ತೆಗೆಯುವುದು, ಗರ್ಭಕೋಶ ತೆಗೆಯುವುದು ಎಂಬ ಸಾಲಿನಲ್ಲಿ ಕೊನೆಯದನ್ನು ಮೊದಲು ಹೇಳಿದವರಿಗೆ ಉಳಿದವು ನನಗೇಕೆ ಸರಿಹೊಂದುವುದಿಲ್ಲ ಎಂದು ಕೇಳುವ ಹಕ್ಕು ನಿಮಗಿದೆ.

ಕ್ಯಾನ್ಸರಿನ ಶಂಕೆ ಗಟ್ಟಿಯಾಗಿದ್ದರೆ ಮೊದಲ ಶಸ್ತ್ರಚಿಕಿತ್ಸೆಯೇ ಸ್ತ್ರೀ ಕ್ಯಾನ್ಸರ್ ತಜ್ಞರಿಂದ ಆಗಬೇಕು. ಹರಡುವಿಕೆಯನ್ನು ಸರಿಯಾಗಿ ಅಳೆದು, ಕಣ್ಣಿಗೆ ಕಾಣುವ ರೋಗವನ್ನೆಲ್ಲ ತೆಗೆದವರಲ್ಲಿ ಫಲಿತಾಂಶ ಉತ್ತಮ. ಅರ್ಧಕ್ಕೆ ನಿಂತ ಮೊದಲ ಶಸ್ತ್ರಚಿಕಿತ್ಸೆಯನ್ನು ಆಮೇಲೆ ಸರಿಪಡಿಸುವುದು ಕಷ್ಟ. ಯಾವುದೇ ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿ: ಗಡ್ಡೆಯನ್ನು ಒಡೆಯದೆ ಚೀಲದಲ್ಲಿ ಹಾಕಿ ಹೊರತೆಗೆಯುತ್ತೀರಾ? ಶಸ್ತ್ರಚಿಕಿತ್ಸೆಯ ನಡುವೆಯೇ ಅಂಗಾಂಶ ನೋಡುವ ಫ್ರೋಜನ್ ಸೆಕ್ಷನ್ ಸೌಲಭ್ಯವಿದೆಯೇ? ಆರೋಗ್ಯವಾಗಿರುವ ಇನ್ನೊಂದು ಅಂಡಾಶಯವನ್ನು ಏನು ಮಾಡುತ್ತೀರಿ? ಕೊನೆಯ ಪ್ರಶ್ನೆ ಋತುಬಂಧವಾಗದವರಿಗೆ ಬಹಳ ಮುಖ್ಯ. ಎರಡೂ ಅಂಡಾಶಯ ತೆಗೆದರೆ ಮರುದಿನವೇ ಋತುಬಂಧ. 45ಕ್ಕಿಂತ ಮೊದಲು ಹಾಗಾದರೆ ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯ ಏರುತ್ತದೆ. ಬಿಆರ್‌ಸಿಎ ದೋಷವಿರುವವರಲ್ಲಿ ಮಾತ್ರ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಫೈಬ್ರಾಯ್ಡ್ ಎಂದುಕೊಂಡದ್ದನ್ನು ಹೊಟ್ಟೆಯೊಳಗೆ ಯಂತ್ರದಿಂದ ಚೂರುಮಾಡಿ ತೆಗೆಯುವುದರ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2014ರಲ್ಲಿ ಎಚ್ಚರಿಕೆ ನೀಡಿತು. ಅಡಗಿರುವ ಸಾರ್ಕೋಮಾ ಇದ್ದರೆ ಆ ಚೂರುಗಳು ರೋಗವನ್ನು ಹರಡುತ್ತವೆ. ಋತುಬಂಧವಾದವರು ಇದನ್ನು ಒಪ್ಪುವ ಮೊದಲು ಎರಡು ಬಾರಿ ಯೋಚಿಸಬೇಕು.

ತೆಗೆದ ಗಡ್ಡೆ ನೋಡಲು ಎಷ್ಟೇ ಸಾಧುವಾಗಿದ್ದರೂ ಪೆಥಾಲಜಿ ವರದಿ ಕೈಗೆ ಬರುವವರೆಗೆ ವಿಷಯ ಮುಗಿದಿಲ್ಲ. ಆ ವರದಿಯ ಪ್ರತಿಯನ್ನು ನೀವೇ ಕೇಳಿ ಪಡೆದು ಇಟ್ಟುಕೊಳ್ಳಿ. ಕಾಯುವ ದಾರಿ ಹಿಡಿದವರು ಸಾಧ್ಯವಾದಷ್ಟು ಒಂದೇ ಕಡೆ ಸ್ಕ್ಯಾನ್ ಮಾಡಿಸಿ, ಪ್ರತಿ ಬಾರಿಯೂ ಮೂರು ದಿಕ್ಕಿನ ಅಳತೆ ಬರೆಸಿಕೊಳ್ಳಿ. ಹೊಸ ಅಳತೆಯನ್ನು ಹಿಂದಿನ ಸ್ಕ್ಯಾನಿನೊಂದಿಗೆ ಮಾತ್ರವಲ್ಲ, ಮೊಟ್ಟಮೊದಲ ಸ್ಕ್ಯಾನಿನೊಂದಿಗೂ ಹೋಲಿಸಲು ಹೇಳಿ. ಪ್ರತಿ ಸಲ ಮೂರ್ನಾಲ್ಕು ಮಿಲಿಮೀಟರ್ ಎಂದರೆ ಅಳತೆಯ ವ್ಯತ್ಯಾಸವೆಂದು ಬಿಟ್ಟುಬಿಡುತ್ತಾರೆ. ನಾಲ್ಕು ಸ್ಕ್ಯಾನ್‌ಗಳ ವರದಿಗಳನ್ನು ಒಟ್ಟಿಗೆ ಮೇಜಿನ ಮೇಲೆ ಹರಡಿದಾಗ ಅದೇ ಸುಮಾರು ಒಂದು ಸೆಂಟಿಮೀಟರಾಗಿ ಕಾಣುತ್ತದೆ.